ಸಮಬಾಹು ತ್ರಿಭುಜವನ್ನು ನಾಲ್ಕು ತುಂಡು ಮಾಡಿ ಚೌಕ ಜೋಡಿಸುವಾಗ ಒಂದೂವರೆ ಮಿಲಿಮೀಟರ್ ಎಲ್ಲಿ ತಪ್ಪುತ್ತಿದೆ?

ಗಣಿತ ಶಿಕ್ಷಕಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಗಣಿತ ಪಾಠ ಮಾಡುತ್ತೇನೆ. ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನಕ್ಕೆ ಈ ಸಲ ಭಾಷಣ, ಪ್ರಬಂಧಗಳನ್ನು ಬದಿಗಿಟ್ಟು, ಒಂದು ಆಕೃತಿಯನ್ನು ಕತ್ತರಿಸಿ ಅದೇ ತುಂಡುಗಳಿಂದ ಇನ್ನೊಂದು ಆಕೃತಿಯನ್ನು ಜೋಡಿಸುವ ಒಗಟುಗಳನ್ನು ಮಕ್ಕಳ ಮುಂದಿಡಬೇಕೆಂದುಕೊಂಡಿದ್ದೇನೆ. ಆರಿಸಿಕೊಂಡಿರುವುದು ಮೂರು. 16 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಆಯವನ್ನು ಎರಡೇ ತುಂಡು ಮಾಡಿ ಚೌಕವಾಗಿಸುವುದು ಮೊದಲನೆಯದು. ಐದು ಸಮಚೌಕಗಳಿಂದಾದ, ಸಂಕಲನ ಚಿಹ್ನೆಯಂತಿರುವ ಆಕೃತಿಯನ್ನು ನಾಲ್ಕು ತುಂಡಿನಲ್ಲಿ ಚೌಕವಾಗಿಸುವುದು ಎರಡನೆಯದು. ಸಮಬಾಹು ತ್ರಿಭುಜವನ್ನು ನಾಲ್ಕು ತುಂಡಿನಲ್ಲಿ ಚೌಕವಾಗಿಸುವುದು ಮೂರನೆಯದು.

ಮೊದಲನೆಯದು ತೊಂದರೆ ಕೊಡಲಿಲ್ಲ. 4 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಮೆಟ್ಟಿಲುಗಳಂತೆ ಆಯವನ್ನು ಕತ್ತರಿಸಿ, ಒಂದು ತುಂಡನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸಿದರೆ 16 ಹೋಗಿ 12 ಆಗುತ್ತದೆ, 9 ಹೋಗಿ 12 ಆಗುತ್ತದೆ. ಕಷ್ಟ ಬಂದಿರುವುದು ಮೂರನೆಯದರಲ್ಲಿ. ಎಂದೋ ನೋಟ್‌ಬುಕ್ಕಿನಲ್ಲಿ ಬಿಡಿಸಿಟ್ಟುಕೊಂಡಿದ್ದ ಚಿತ್ರವೊಂದನ್ನು ಅನುಸರಿಸಿ, 40 ಸೆಂ.ಮೀ. ಬಾಹುವಿನ ತ್ರಿಭುಜವನ್ನು ದಪ್ಪ ರಟ್ಟಿನಲ್ಲಿ ಮಾಡಿಕೊಂಡೆ. ಎಡ ಮತ್ತು ಬಲ ಬಾಹುಗಳ ಮಧ್ಯಬಿಂದುಗಳನ್ನು ಗುರುತಿಸಿ, ಪಾದವನ್ನು 10, 20, 10 ಎಂದು ಭಾಗ ಮಾಡಿದೆ. ಬಲ ಮಧ್ಯಬಿಂದುವಿನಿಂದ ಪಾದದ ಎಡ ಗುರುತಿಗೆ ಒಂದು ಗೆರೆ, ಆ ಗೆರೆಗೆ ಎಡ ಮಧ್ಯಬಿಂದುವಿನಿಂದಲೂ ಪಾದದ ಬಲ ಗುರುತಿನಿಂದಲೂ ಒಂದೊಂದು ಲಂಬ, ಇಷ್ಟೇ ಕತ್ತರಿಸಬೇಕಾದದ್ದು. ತುಂಡುಗಳು ಸಂದಿಲ್ಲದಂತೆ ಕೂಡಿಕೊಂಡವು. ಆದರೆ ವಿಸ್ತೀರ್ಣ 692.8 ಚದರ ಸೆಂ.ಮೀ. ಬರುವುದರಿಂದ ಚೌಕದ ಬಾಹು 26.32 ಇರಬೇಕೆಂದು ಲೆಕ್ಕ ಹಾಕಿ, ಮೊದಲೇ ಮರದ ಬೀಡಿಂಗಿನಿಂದ ಒಂದು ಚೌಕಟ್ಟು ಮಾಡಿಸಿಟ್ಟಿದ್ದೆ. ಜೋಡಿಸಿದ ಆಕೃತಿ ಅದರೊಳಗೆ ಕೂರಲಿಲ್ಲ. ಒಂದು ಕಡೆ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು, ಇನ್ನೊಂದು ಕಡೆ ಹೆಚ್ಚುಕಡಿಮೆ ಅಷ್ಟೇ ಸಡಿಲ. ಮೂರು ಸಲ ಹೊಸ ರಟ್ಟಿನಲ್ಲಿ ಮಾಡಿದರೂ ಫಲ ಇದೇ.

ಸಹೋದ್ಯೋಗಿಯೊಬ್ಬರು, ಇದೂ 64 ಚೌಕಗಳು 65 ಆಗುವ ಹಳೆಯ ಒಗಟಿನಂತೆ ಕಣ್ಕಟ್ಟೇ ಇರಬೇಕು, ಮಕ್ಕಳ ಮುಂದೆ ಇಡಬೇಡಿ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಅವರಿಗೆ ಉತ್ತರ ಕೊಡಲು ನನ್ನಲ್ಲಿ ಏನೂ ಇಲ್ಲ. ಎರಡನೆಯ ಒಗಟಿನ ಉತ್ತರವೂ ನನಗೆ ಬಾಯಿಪಾಠವಾಗಿ ಗೊತ್ತೇ ಹೊರತು, ಗೊತ್ತಿಲ್ಲದವರು ಅದನ್ನು ಹೇಗೆ ಕಂಡುಹಿಡಿಯಬೇಕೆಂದು ತಿಳಿದಿಲ್ಲ. ಇದರ ಜೊತೆಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಮೇಡಂ, ನಮ್ಮ ಹೊಲದ ನಕ್ಷೆಯನ್ನು ಕತ್ತರಿಸಿದರೂ ಚೌಕ ಆಗುತ್ತದೆಯೇ?" ಎಂದು ಕೇಳಿದ್ದಾನೆ. ನೋಡಿ ಹೇಳುತ್ತೇನೆ ಎಂದು ಸದ್ಯಕ್ಕೆ ತಪ್ಪಿಸಿಕೊಂಡಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಕೈವಾರದವನು

ಮೇಡಂ, ನಿಮ್ಮ ಕೈಯಲ್ಲೂ ದೋಷವಿಲ್ಲ, ರಟ್ಟಿನಲ್ಲೂ ಇಲ್ಲ. ದೋಷವಿರುವುದು 10, 20, 10 ಎಂಬ ಆ ಅಂಕಿಗಳಲ್ಲಿ. (ನನ್ನ ಊರೇ ಕೈವಾರ. ಶಾಲೆಗೆ ಕೈವಾರ ತರುವುದನ್ನು ಮರೆತ ದಿನಗಳಲ್ಲಿ ಮೇಷ್ಟ್ರು ಇಡೀ ತರಗತಿಯ ಮುಂದೆ ನನ್ನ ಊರಿನ ಹೆಸರು ಕೇಳುತ್ತಿದ್ದರು. ಹಾಗಾಗಿ ಈ ಒಗಟಿನ ವಿಷಯದಲ್ಲಿ ನನಗೆ ಸ್ವಲ್ಪ ಹಠ ಇದೆ.)

ನೀವು ಬರೆದ ಒಂದು ವಿವರವೇ ರೋಗ ಯಾವುದೆಂದು ಹೇಳುತ್ತದೆ. ಕತ್ತರಿಸುವಾಗ ರಟ್ಟು ಸವೆದಿದ್ದರೆ ಎರಡೂ ಕಡೆ ಕಡಿಮೆಯಾಗಬೇಕಿತ್ತು. ತುಂಡುಗಳ ನಡುವೆ ಸಂದು ಉಳಿದಿದ್ದರೆ ಎರಡೂ ಕಡೆ ಹೆಚ್ಚಾಗಬೇಕಿತ್ತು. ಒಂದು ಕಡೆ ಎಷ್ಟು ಹೆಚ್ಚೋ ಇನ್ನೊಂದು ಕಡೆ ಅಷ್ಟೇ ಕಡಿಮೆ ಎಂದರೆ ವಿಸ್ತೀರ್ಣ ಒಂದಿಷ್ಟೂ ಕದಲಿಲ್ಲ, ಆಕಾರ ಮಾತ್ರ ಕದಲಿದೆ. ನಿಮಗೆ ಸಿಕ್ಕಿರುವುದು ಚೌಕವಲ್ಲ, ಚೌಕದ ವೇಷ ಹಾಕಿದ ಆಯ.

ಲೆಕ್ಕ ಮಾಡಿ ನೋಡೋಣ. ತ್ರಿಭುಜವನ್ನು ಅಬಕ ಎನ್ನೋಣ, ಬ ಮೇಲಿನ ಶೃಂಗ, ಅಕ ಪಾದ. ಅಬದ ಮಧ್ಯಬಿಂದು ಮ, ಬಕದ ಮಧ್ಯಬಿಂದು ನ. ಪಾದದ ಮೇಲಿನ ಎಡ ಗುರುತು ಪ, ಬಲ ಗುರುತು ರ. ನ ಬಿಂದುವು ಪಾದದಿಂದ 17.32 ಸೆಂ.ಮೀ. ಎತ್ತರದಲ್ಲಿದೆ, ಅದರ ವರ್ಗ ಸರಿಯಾಗಿ 300. ನ ಬಿಂದುವಿನಿಂದ ಪಾದಕ್ಕೆ ನೇರವಾಗಿ ಇಳಿದರೆ ಅ ಶೃಂಗದಿಂದ 30 ಸೆಂ.ಮೀ. ದೂರದಲ್ಲಿ ಇಳಿಯುತ್ತೇವೆ. ನೀವು ಪ ಗುರುತನ್ನು 10ರಲ್ಲಿ ಇಟ್ಟಿದ್ದರಿಂದ ಅಡ್ಡ ದೂರ 20, ಅದರ ವರ್ಗ 400. ಆದ್ದರಿಂದ ನಪ ಗೆರೆಯ ಉದ್ದ 700ರ ವರ್ಗಮೂಲ, ಅಂದರೆ 26.46. ಜೋಡಿಸಿದ ಆಕೃತಿಯ ಒಂದು ಬಾಹು ಇದೇ. ವಿಸ್ತೀರ್ಣವನ್ನು ಇದರಿಂದ ಭಾಗಿಸಿದರೆ ಇನ್ನೊಂದು ಬಾಹು 26.19 ಬರುತ್ತದೆ. ನಿಮ್ಮ ಚೌಕಟ್ಟಿನ 26.32ಕ್ಕೆ ಹೋಲಿಸಿ ನೋಡಿ, ಹೆಚ್ಚು 1.4 ಮಿ.ಮೀ., ಕಡಿಮೆ 1.3 ಮಿ.ಮೀ.

ಹಾಗಾದರೆ ತುಂಡುಗಳು ಸಂದಿಲ್ಲದಂತೆ ಕೂಡಿಕೊಂಡದ್ದು ಹೇಗೆ ಎಂದು ಕೇಳಬಹುದು, ಈ ಒಗಟಿನ ಸೊಗಸು ಇರುವುದೂ ಅಲ್ಲಿಯೇ. ಕೂಡಿಕೊಳ್ಳುವುದಕ್ಕೆ ಬೇಕಾದದ್ದು ಮ, ನ ಎರಡೂ ಮಧ್ಯಬಿಂದುಗಳಾಗಿರುವುದು ಮತ್ತು ಪರ ಉದ್ದವು ಪಾದದ ಅರ್ಧವಾಗಿರುವುದು ಮಾತ್ರ. ಪ ಗುರುತನ್ನು ಸ್ವಲ್ಪ ಅತ್ತಿತ್ತ ಸರಿಸಿದರೂ, ರ ಗುರುತನ್ನು ಅದರ ಜೊತೆಗೇ ಸರಿಸುವವರೆಗೆ, ಒಂದಲ್ಲ ಒಂದು ಆಯ ಬಂದೇ ಬರುತ್ತದೆ. ಅಂಥ ಅನೇಕ ಆಯಗಳಲ್ಲಿ ಚೌಕ ಒಂದೇ ಒಂದು. ಅದಕ್ಕೆ ನಪ ಗೆರೆಯ ವರ್ಗ 692.82 ಆಗಬೇಕು. 300 ಕಳೆದರೆ 392.82, ಅದರ ವರ್ಗಮೂಲ 19.82. ಹೀಗಾಗಿ ಪ ಗುರುತು ಇರಬೇಕಾದದ್ದು 10ರಲ್ಲಿ ಅಲ್ಲ, 10.18ರಲ್ಲಿ. ಬಲಗಡೆ ಉಳಿಯುವುದು 9.82.

ಸ್ಕೇಲಿನಲ್ಲಿ 10.18 ಗುರುತಿಸುವುದು ಕಷ್ಟ, ಅದು ಬೇಕಾಗಿಯೂ ಇಲ್ಲ, ಕೈವಾರ ಸಾಕು. ಅನ ಗೆರೆಯನ್ನು ನ ದಾಟಿಸಿ ತ ವರೆಗೆ ಬೆಳೆಸಿ, ನತ ಉದ್ದ ನಬ ಉದ್ದಕ್ಕೆ ಸಮವಿರಲಿ. ಅತವನ್ನು ವ್ಯಾಸವಾಗಿಟ್ಟುಕೊಂಡು ಅರ್ಧವೃತ್ತ ಎಳೆಯಿರಿ. ನಬ ಗೆರೆಯನ್ನು ಬ ದಾಟಿಸಿ ಬೆಳೆಸಿದರೆ ಅದು ಅರ್ಧವೃತ್ತವನ್ನು ಹ ಎಂಬಲ್ಲಿ ಮುಟ್ಟುತ್ತದೆ. ನಹ ಉದ್ದವೇ ಚೌಕದ ಬಾಹು, ಏಕೆಂದರೆ ಅದರ ವರ್ಗವು ಅನ ಮತ್ತು ನತಗಳ ಗುಣಲಬ್ಧಕ್ಕೆ ಸಮ, ಆ ಗುಣಲಬ್ಧವೇ ತ್ರಿಭುಜದ ವಿಸ್ತೀರ್ಣ. ಕೈವಾರದ ಮುಳ್ಳನ್ನು ನ ಮೇಲೂರಿ ಆ ಅಳತೆಯಿಂದ ಕಂಸ ಎಳೆದರೆ ಪಾದವನ್ನು ಕತ್ತರಿಸುವ ಬಿಂದು ಪ. ಅಲ್ಲಿಂದ ಬಲಕ್ಕೆ ಪಾದದ ಅರ್ಧವನ್ನು ಅಳೆದರೆ ರ. ಉಳಿದದ್ದು ನೀವು ಮಾಡಿದಂತೆಯೇ.

ಇನ್ನು ನಿಮ್ಮ ಸಹೋದ್ಯೋಗಿಯ ಅನುಮಾನ. 64 ಮತ್ತು 65ರ ಒಗಟಿನಲ್ಲಿ 8×8 ಚೌಕವನ್ನು ಎರಡು ತ್ರಿಭುಜ, ಎರಡು ತ್ರಾಪಿಜ್ಯ ಮಾಡಿ 5×13ರ ಆಯವಾಗಿ ಇಡುತ್ತಾರೆ. ಅಲ್ಲಿ ತ್ರಿಭುಜದ ಓರೆಯಂಚು 8ಕ್ಕೆ 3ರಂತೆ ಏರುತ್ತದೆ, ತ್ರಾಪಿಜ್ಯದ ಓರೆಯಂಚು 5ಕ್ಕೆ 2ರಂತೆ ಏರುತ್ತದೆ. ಒಂದು 0.375, ಇನ್ನೊಂದು 0.4. ಈ ಎರಡು ಅಂಚುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಕರ್ಣದ ಉದ್ದಕ್ಕೂ ಸೂಜಿಯಂಥ ಸಮಾಂತರ ಚತುರ್ಭುಜವೊಂದು ಖಾಲಿ ಉಳಿಯುತ್ತದೆ, ಅದರ ವಿಸ್ತೀರ್ಣ ಸರಿಯಾಗಿ ಒಂದು ಚದರ. ಸುಮಾರು 14 ಅಳತೆಯ ಉದ್ದಕ್ಕೆ ಹರಡಿಕೊಂಡಿರುವುದರಿಂದ ದಪ್ಪ ಪೆನ್ನಿನ ಗೆರೆಯ ಕೆಳಗೆ ಅದು ಅಡಗಿಹೋಗುತ್ತದೆ. ನಮ್ಮ ತ್ರಿಭುಜದಲ್ಲಿ ಹಾಗೆ ಅಡಗಲು ಜಾಗವೇ ಇಲ್ಲ. ಕೂಡುವ ಅಂಚುಗಳು ಮಧ್ಯಬಿಂದುವಿನ ಎರಡು ಬದಿಗಳಾದ್ದರಿಂದ ಸಮ. ಅ, ಬ, ಕ ಮೂರೂ ಶೃಂಗಗಳು ಚೌಕದ ಒಳಗೆ ಒಂದೇ ಬಿಂದುವಿನಲ್ಲಿ, ಪರ ಅಂಚಿನ ಮೇಲೆ ಬಂದು ಸೇರುತ್ತವೆ, ಮೂರು 60 ಡಿಗ್ರಿಗಳು ಸೇರಿ ನೇರಗೆರೆಯಾಗುತ್ತದೆ. ತ್ರಿಭುಜದ ಕೋನಗಳ ಮೊತ್ತ 180 ಎಂಬ ಪಾಠವನ್ನು ಬೆರಳಿಟ್ಟು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಒಗಟನ್ನು 1902ರಲ್ಲಿ ಪತ್ರಿಕೆಯ ಅಂಕಣದಲ್ಲಿ ಓದುಗರ ಮುಂದಿಟ್ಟವರು ಇಂಗ್ಲೆಂಡಿನ ಹೆನ್ರಿ ಡ್ಯೂಡನಿ. ನಾಲ್ಕಕ್ಕಿಂತ ಕಡಿಮೆ ತುಂಡಿನಲ್ಲಿ ಆಗುತ್ತದೆಯೇ ಎಂಬ ಪ್ರಶ್ನೆಗೆ ನೂರಿಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಉತ್ತರವಿರಲಿಲ್ಲ. ತುಂಡುಗಳನ್ನು ಮಗುಚಿ ಹಾಕದೆ ಮೂರು ತುಂಡಿನಲ್ಲಿ ಮಾಡಲು ಸಾಧ್ಯವೇ ಇಲ್ಲ ಎಂಬ ಸಾಧನೆಯನ್ನು ಎರಿಕ್ ಡಿಮೈನ್, ಟೋನನ್ ಕಮಾಡಾ ಮತ್ತು ರ್‍ಯೂಹೇ ಉಎಹಾರಾ 2024ರ ಡಿಸೆಂಬರಿನಲ್ಲಿ ಹೊರತಂದರು. ನಿಮ್ಮ ಮಕ್ಕಳಿಗೆ ಇದನ್ನು ಹೇಳಿ. ಪಠ್ಯಪುಸ್ತಕದ ಗಣಿತವೆಲ್ಲ ಸಾವಿರಾರು ವರ್ಷ ಹಳೆಯದು ಎಂದು ಅವರು ತಿಳಿದಿರುತ್ತಾರೆ.

ಮರಗೆಲಸದವನು, ತುಮಕೂರು

ಮೇಲಿನ ಲೆಕ್ಕಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಆದರೆ ಮೇಡಂ ಅವರು ಇದನ್ನು ಮುಂದೆ ಪ್ಲೈವುಡ್ಡಿನಲ್ಲಿ ಮಾಡಿಸಲು ಹೊರಟರೆ ನಿಜವಾದ ತೊಂದರೆ ಆಗ ಶುರುವಾಗುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಬ್ಲೇಡು ರಟ್ಟನ್ನು ಸೀಳುತ್ತದೆ, ಗರಗಸ ಮರವನ್ನು ತಿನ್ನುತ್ತದೆ. ಜಿಗ್‌ಸಾ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ತಿಂದರೆ, ಟೇಬಲ್ ಮೇಲಿನ ದುಂಡು ಬ್ಲೇಡು ಮೂರು ಮಿಲಿಮೀಟರಿನ ಹತ್ತಿರ ತಿನ್ನುತ್ತದೆ. ಒಂದೇ ಹಲಗೆಯ ಮೇಲೆ ಇಡೀ ತ್ರಿಭುಜವನ್ನು ಬರೆದು, ಗೆರೆಯ ಮೇಲೆಯೇ ಗರಗಸ ಓಡಿಸಿದರೆ ಮೂರು ಗೆರೆಗಳಲ್ಲೂ ಅಷ್ಟಷ್ಟು ಮರ ಪುಡಿಯಾಗಿ ಹೋಗುತ್ತದೆ. ನಾನು ಮೊದಲ ಸಲ ಮಗಳಿಗಾಗಿ ಇದನ್ನು ಮಾಡಿದಾಗ ಹಾಗೆಯೇ ಕೆಟ್ಟಿತು. ತ್ರಿಭುಜವಾಗಿ ಇಟ್ಟಾಗ ಒಂದು ಬಗೆಯ ಸಂದು, ಚೌಕವಾಗಿ ಇಟ್ಟಾಗ ಬೇರೆಯೇ ಬಗೆಯ ಸಂದು. ಸರಿಯಾದ ದಾರಿಯೆಂದರೆ, ಮೊದಲು ರಟ್ಟಿನಲ್ಲಿ ನಾಲ್ಕು ತುಂಡುಗಳನ್ನು ಕರಾರುವಾಕ್ಕಾಗಿ ಮಾಡಿಕೊಂಡು, ಅವನ್ನು ಹಲಗೆಯ ಮೇಲೆ ಒಂದಕ್ಕೊಂದು ತಾಗದಂತೆ ಬೇರೆ ಬೇರೆಯಾಗಿ ಇಟ್ಟು ಗುರುತು ಮಾಡಿ, ಗೆರೆಯ ಹೊರಗೆ ಒಂದು ಕೂದಲೆಳೆಯಷ್ಟು ಬಿಟ್ಟು ಕೊಯ್ದು, ಆಮೇಲೆ ಸಪಾಟಾದ ಮರದ ತುಂಡಿಗೆ ಸುತ್ತಿದ ಸ್ಯಾಂಡ್ ಪೇಪರಿನಿಂದ ಗೆರೆಯವರೆಗೆ ಉಜ್ಜುವುದು. ಕೈಯಲ್ಲಿ ಸುಮ್ಮನೆ ಹಿಡಿದು ಉಜ್ಜಿದರೆ ಅಂಚು ಉಬ್ಬುತ್ತದೆ. ಲಂಬಗಳನ್ನು ಮೂಲೆಮಟ್ಟ ಇಟ್ಟು ಪರೀಕ್ಷಿಸಿ. ಚೌಕದ ನಾಲ್ಕು ಹೊರಮೂಲೆಗಳಾಗುವುದು ಆ ಲಂಬಗಳ ಬುಡದಲ್ಲಿರುವ ಕೋನಗಳೇ, ಒಂದು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಸಂಗತಿ. ಈ ನಾಲ್ಕು ತುಂಡುಗಳನ್ನು ಮ, ನ, ರ ಎಂಬ ಮೂರು ಕಡೆ ಕೀಲು ಹಾಕಿ ಸರಪಳಿಯಂತೆ ಹೆಣೆದರೆ, ಒಂದು ಕಡೆಗೆ ಸುತ್ತಿದಾಗ ತ್ರಿಭುಜ, ಇನ್ನೊಂದು ಕಡೆಗೆ ಸುತ್ತಿದಾಗ ಚೌಕ ಆಗುತ್ತದೆ. ಡ್ಯೂಡನಿ 1905ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ್ದೂ ಮಹಾಗನಿ ಮರದ ಇಂಥ ಕೀಲುಮಾದರಿಯನ್ನೇ. ಆದರೆ 6 ಮಿ.ಮೀ. ಪ್ಲೈವುಡ್ಡಿಗೆ ಪೆಟ್ಟಿಗೆಯ ಕೀಲು ಹಾಕಲು ಹೋಗಬೇಡಿ, ಮೊಳೆಗೆ ಹಿಡಿತವೇ ಸಿಗುವುದಿಲ್ಲ. ಒಂದಂಗುಲ ದಪ್ಪದ ಮರ ತೆಗೆದುಕೊಂಡು ಮೂಲೆಯ ನಿಂತ ಅಂಚಿಗೆ ಪುಟ್ಟ ಹಿತ್ತಾಳೆ ಕೀಲು ಕೂರಿಸಿ, ಇಲ್ಲವೇ ರೆಕ್ಸಿನ್ ಪಟ್ಟಿಯನ್ನು ಫೆವಿಕಾಲ್ ಹಾಕಿ ಅಂಟಿಸಿ. ಕೀಲು ತಿರುಗುವ ಜಾಗ ಮೂಲೆಯ ತುದಿಯಲ್ಲೇ ಇರಬೇಕು, ಒಳಗೆ ಸರಿದರೆ ತುಂಡುಗಳು ಅರ್ಧ ದಾರಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಚುಕ್ಕಿ ರಂಗೋಲಿ, ಶಿರಾ

ಟೀಚರ್, ನಿಮ್ಮ ಎರಡನೆಯ ಒಗಟಿನ ಬಗ್ಗೆ ಯಾರೂ ಬರೆಯಲಿಲ್ಲ. ಅದರ ಉತ್ತರ ನಮ್ಮ ಮನೆಯ ಅಂಗಳದಲ್ಲೇ ಸಿಗುತ್ತದೆ ಎಂದು ನಾನು ತಿಳಿದುಕೊಂಡದ್ದು ತೀರ ತಡವಾಗಿ.

ಮಕ್ಕಳು ಮೊದಲು ಕತ್ತರಿ ಹಿಡಿಯುವುದನ್ನು ತಡೆಯಬೇಕು. ಕತ್ತರಿಸಿ ಕತ್ತರಿಸಿ ನೋಡುವುದರಿಂದ ಕಸ ಹೆಚ್ಚುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ಮೊದಲು ಕೇಳಬೇಕಾದದ್ದು, ಬೇಕಾಗಿರುವ ಚೌಕದ ಬಾಹು ಎಷ್ಟು ಎಂದು. ಐದು ಚದರದ ಆಕೃತಿಯಾದ್ದರಿಂದ ಬಾಹು 5ರ ವರ್ಗಮೂಲ. ಮುಂದಿನ ಪ್ರಶ್ನೆ, ಆ ಉದ್ದ ಆಕೃತಿಯಲ್ಲಿ ಈಗಾಗಲೇ ಎಲ್ಲಿ ಅಡಗಿದೆ ಎಂದು. ಎರಡು ಹೆಜ್ಜೆ ಅಡ್ಡ, ಒಂದು ಹೆಜ್ಜೆ ಮೇಲೆ ಹೋದರೆ ಓರೆಯ ದೂರ 5ರ ವರ್ಗಮೂಲವೇ ಆಗುತ್ತದೆ, ಏಕೆಂದರೆ 4 ಮತ್ತು 1 ಸೇರಿ 5.

ಈಗ ನೆಲದ ಮೇಲೆ ಸಮ ಅಂತರದ ಚುಕ್ಕಿ ಇಡಿ, ಒಂದೊಂದು ಚುಕ್ಕಿಯೂ ಒಂದೊಂದು ಪುಟ್ಟ ಚೌಕದ ನಡುವೆ ಇದೆ ಎಂದುಕೊಳ್ಳಿ. ಒಂದು ಚುಕ್ಕಿಯನ್ನು ನಡುವೆ ಇಟ್ಟು, ಅದರ ನಾಲ್ಕು ಕಡೆಯ ಚುಕ್ಕಿಗಳನ್ನು ಸೇರಿಸಿಕೊಂಡರೆ ನಿಮ್ಮ ಸಂಕಲನ ಚಿಹ್ನೆ ಸಿದ್ಧ. ಅಲ್ಲಿಂದ ಎರಡು ಚುಕ್ಕಿ ಬಲಕ್ಕೆ, ಒಂದು ಚುಕ್ಕಿ ಮೇಲಕ್ಕೆ ಹೋಗಿ ಇನ್ನೊಂದು ಚಿಹ್ನೆ ಬರೆಯಿರಿ. ಮತ್ತೆ ಮೊದಲನೆಯದರಿಂದ ಒಂದು ಚುಕ್ಕಿ ಎಡಕ್ಕೆ, ಎರಡು ಚುಕ್ಕಿ ಮೇಲಕ್ಕೆ ಹೋಗಿ ಮತ್ತೊಂದು. ಹೀಗೆ ಬರೆಯುತ್ತ ಹೋದರೆ ಒಂದು ಚುಕ್ಕಿಯೂ ಬಿಡದಂತೆ, ಒಂದರ ಮೇಲೊಂದು ಬೀಳದಂತೆ ಅಂಗಳವೆಲ್ಲ ತುಂಬುತ್ತದೆ. ಬಿಳಿ ಪುಡಿಯಲ್ಲಿ ಇಷ್ಟಾದ ಮೇಲೆ ಕೆಂಪು ಪುಡಿ ತೆಗೆದುಕೊಂಡು ಅಕ್ಕಪಕ್ಕದ ಚಿಹ್ನೆಗಳ ನಡುಚುಕ್ಕಿಗಳನ್ನು ಮಾತ್ರ ಸೇರಿಸಿ. ಓರೆಯಾಗಿ ನಿಂತ ದೊಡ್ಡ ಚೌಕಗಳ ಬಲೆಯೊಂದು ಮೇಲೆ ಬೀಳುತ್ತದೆ. ಕೆಂಪು ಗೆರೆಗಳು ಬಿಳಿ ಚಿಹ್ನೆಯನ್ನು ಎಲ್ಲಿ ಸೀಳುತ್ತವೆಯೋ ಅಲ್ಲಿಯೇ ಕತ್ತರಿ ಹಾಕಬೇಕು. ಒಂದು ಕೆಂಪು ಗೆರೆ ಬಲದೋಳಿನ ಮೇಲಂಚಿನ ನಟ್ಟನಡುವಿನಿಂದ ಹೊರಟು, ಚಿಹ್ನೆಯ ಕೇಂದ್ರದ ಮೂಲಕ, ಎಡದೋಳಿನ ಕೆಳಅಂಚಿನ ನಟ್ಟನಡುವಿಗೆ ಬರುತ್ತದೆ. ಇನ್ನೊಂದು ಗೆರೆ ಅದಕ್ಕೆ ಲಂಬವಾಗಿ ಕೇಂದ್ರದಲ್ಲೇ ಹಾಯುತ್ತದೆ. ಎರಡೇ ಗೆರೆ, ನಾಲ್ಕು ತುಂಡು, ನಾಲ್ಕೂ ಒಂದೇ ಅಚ್ಚಿನವು. ಕೇಂದ್ರದಲ್ಲಿದ್ದ ನಾಲ್ಕು ಲಂಬಕೋನಗಳು ಚೌಕದ ನಾಲ್ಕು ಮೂಲೆಗಳಿಗೆ ಹೋಗುತ್ತವೆ.

ಎರಡು ಆಕೃತಿಗಳಿಂದಲೂ ನೆಲವನ್ನೋ ಪಟ್ಟಿಯನ್ನೋ ತುಂಬಿಸಿ, ಒಂದನ್ನು ಇನ್ನೊಂದರ ಮೇಲೆ ಹಾಸಿ, ಗೆರೆಗಳು ಎಲ್ಲಿ ಕೂಡುತ್ತವೆಂದು ನೋಡುವ ಈ ಉಪಾಯವನ್ನು ಆಸ್ಟ್ರೇಲಿಯಾದಲ್ಲಿ ಪೇಟೆಂಟ್ ಪರೀಕ್ಷಕರಾಗಿದ್ದ ಹ್ಯಾರಿ ಲಿಂಡ್‌ಗ್ರೆನ್ ಬಹಳ ದೂರ ಬೆಳೆಸಿದರು. ನಿಮ್ಮ ಮೂರನೆಯ ಒಗಟನ್ನೂ ಹೀಗೆಯೇ ಬಿಡಿಸಬಹುದು. ತ್ರಿಭುಜಗಳನ್ನು ನೆಟ್ಟಗೆ, ತಲೆಕೆಳಗೆ ಎಂದು ಸರದಿಯಲ್ಲಿ ಇಟ್ಟರೆ ಒಂದು ಪಟ್ಟಿ, ಚೌಕಗಳನ್ನು ಸಾಲಾಗಿ ಇಟ್ಟರೆ ಇನ್ನೊಂದು ಪಟ್ಟಿ. ಪಾರದರ್ಶಕ ಹಾಳೆಯ ಮೇಲೆ ಒಂದನ್ನು ಬರೆದು ಇನ್ನೊಂದರ ಮೇಲೆ ತಿರುಗಿಸುತ್ತ ಹೋದರೆ, ಚೌಕದ ಪಟ್ಟಿಯ ಅಂಚುಗಳು ತ್ರಿಭುಜದ ಮಧ್ಯಬಿಂದುಗಳ ಮೇಲೆ ಬಂದು ನಿಲ್ಲುವ ಒಂದು ಓರೆ ಸಿಗುತ್ತದೆ.

ನಿವೃತ್ತ ಭೂಮಾಪಕ, ಮುಳಬಾಗಿಲು

ಆ ಹುಡುಗನ ಪ್ರಶ್ನೆಗೆ ಉತ್ತರಿಸುವ ಆಸೆಯಿಂದ ಬರೆಯುತ್ತಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಹೊಲಗಳನ್ನು ಅಳೆದು, ಪೋಡಿ ಮಾಡಿಕೊಟ್ಟವನು ನಾನು. ನಮ್ಮ ಕಡೆ ಗುಂಟೆ ಎಂದರೆ 33 ಅಡಿ ಬಾಹುವಿನ ಒಂದು ಚೌಕ, 1089 ಚದರ ಅಡಿ. ಆದರೆ ನಾನು ಅಳೆದ ಯಾವ ಗುಂಟೆಯೂ ನಿಜವಾಗಿ ಚೌಕವಾಗಿ ಇದ್ದ ನೆನಪಿಲ್ಲ. ಚೌಕವಲ್ಲದ್ದನ್ನು ಚೌಕದ ಲೆಕ್ಕಕ್ಕೆ ತರುವುದೇ ನಮ್ಮ ಕಸುಬು. ವಿಚಿತ್ರ ಆಕಾರದ ಹೊಲವನ್ನು ನಾವು ಕಾಗದದ ಮೇಲೆ ತ್ರಿಭುಜ, ತ್ರಾಪಿಜ್ಯಗಳಾಗಿ ಒಡೆಯುತ್ತಿದ್ದೆವು.

ಹುಡುಗನಿಗೆ ಹೀಗೆ ಹೇಳಿ. ಅವರ ಹೊಲದ ಬದುಗಳು ನೇರವಾಗಿದ್ದರೆ, ಎಷ್ಟೇ ಮೂಲೆಗಳಿದ್ದರೂ, ಅದರ ನಕ್ಷೆಯನ್ನು ಕತ್ತರಿಸಿ ಚೌಕ ಮಾಡಲು ಖಂಡಿತ ಸಾಧ್ಯ. ಸಮ ವಿಸ್ತೀರ್ಣದ ಯಾವುದೇ ಎರಡು ಬಹುಭುಜಾಕೃತಿಗಳಲ್ಲಿ ಒಂದನ್ನು ಕತ್ತರಿಸಿ ಇನ್ನೊಂದನ್ನು ಮಾಡಬಹುದು ಎಂಬ ಈ ಪ್ರಮೇಯ ವಾಲೇಸ್, ಫರ್ಕಾಶ್ ಬೊಯೊಯ್ ಮತ್ತು ಗೆರ್ವಿನ್ ಎಂಬ ಮೂವರ ಹೆಸರಿನಲ್ಲಿದೆ, 1833ರ ಹೊತ್ತಿಗೆ ಅದರ ಸಾಧನೆಗಳು ಅಚ್ಚಾಗಿದ್ದವು. ಕೆರೆಯ ಏರಿಯಂತೆ ಬಾಗಿದ ಅಂಚಿದ್ದರೆ ಮಾತು ಬೇರೆ. ವೃತ್ತವನ್ನು ಕತ್ತರಿಯಿಂದ ಕತ್ತರಿಸಿ ಚೌಕ ಮಾಡಲಾಗದೆಂದು 1963ರಲ್ಲಿ ಸಾಧಿಸಿದ್ದಾರೆ.

ಈ ಪ್ರಮೇಯದ ಸಾಧನೆ ಭೂಮಾಪಕನ ಕೆಲಸದಂತೆಯೇ ಸಾಗುತ್ತದೆ. ಮೊದಲು ಹೊಲವನ್ನು ತ್ರಿಭುಜಗಳಾಗಿ ಒಡೆಯಬೇಕು. ಪ್ರತಿ ತ್ರಿಭುಜದಲ್ಲೂ ಅತ್ಯಂತ ಉದ್ದನೆಯ ಬಾಹುವನ್ನು ಪಾದವಾಗಿಟ್ಟು, ಅರ್ಧ ಎತ್ತರದಲ್ಲಿ ಅಡ್ಡಗೆರೆ ಕತ್ತರಿಸಿ, ಮೇಲಿನ ಪುಟ್ಟ ತ್ರಿಭುಜವನ್ನು ಲಂಬದ ಮೇಲೆ ಎರಡು ಮಾಡಿ, ಎಡಬಲಕ್ಕೆ ತಿರುಗಿಸಿ ಇಳಿಸಿದರೆ ಆಯ ಆಗುತ್ತದೆ. ಮುಂದಿನ ಹೆಜ್ಜೆಯೇ ಮುಖ್ಯವಾದದ್ದು. ಎಲ್ಲ ಆಯಗಳಿಗೂ ಒಂದೇ ಉದ್ದ ಬರುವಂತೆ ಮಾಡಬೇಕು, ಆ ಉದ್ದ ಕೊನೆಯ ಚೌಕದ ಬಾಹುವೇ ಆಗಿರಬೇಕು. ಆಗ ಅವನ್ನು ಒಂದರ ಮೇಲೊಂದು ಪೇರಿಸಿದರೆ ಚೌಕ ತಾನಾಗಿ ಏಳುತ್ತದೆ. ಉದ್ದ ಬದಲಿಸುವ ಉಪಾಯವನ್ನು ಮೇಡಂ ಅವರ 16, 9ರ ಆಯದ ಮೇಲೆಯೇ ತೋರಿಸುತ್ತೇನೆ. ಬೇಕಾದ ಉದ್ದ 12, ಇಳಿಸಬೇಕಾದದ್ದು 4. ಮೇಲಂಚಿನಲ್ಲಿ ಎಡಮೂಲೆಯಿಂದ 4 ಸೆಂ.ಮೀ. ದೂರದ ಬಿಂದುವಿನಿಂದ ಬಲಬದಿಯ ಕೆಳಮೂಲೆಗೆ ಓರೆಯಾಗಿ ಕತ್ತರಿಸಿ. ಬಂದ ತ್ರಿಭುಜವನ್ನು ಅದೇ ಓರೆಯಗುಂಟ 4 ಎಡಕ್ಕೆ, 3 ಮೇಲಕ್ಕೆ ಜಾರಿಸಿ. ಬಲಗಡೆ ಕೆಳಗೆ 4 ಅಗಲ, 3 ಎತ್ತರದ ಪುಟ್ಟ ತ್ರಿಭುಜವೊಂದು ಹೊರಚಾಚಿಕೊಂಡಿರುತ್ತದೆ. ಅದನ್ನು ಕತ್ತರಿಸಿ ಎಡಗಡೆ ಮೇಲೆ ಖಾಲಿಬಿದ್ದ ಮೂಲೆಗೆ ಇಟ್ಟರೆ 12, 12ರ ಚೌಕ. ಮೆಟ್ಟಿಲು ಉಪಾಯದಲ್ಲಿ ಎರಡೇ ತುಂಡು, ಇಲ್ಲಿ ಮೂರು. ಆದರೆ ಮೆಟ್ಟಿಲು ಕೆಲಸ ಮಾಡುವುದು ಅಂಕಿಗಳು ಹೊಂದಿಕೊಂಡಾಗ ಮಾತ್ರ, ಜಾರುಗೆರೆಗೆ ಆ ಕಟ್ಟುಪಾಡು ಇಲ್ಲ.

ಆಯವನ್ನು ಚೌಕ ಮಾಡುವ ಇನ್ನೊಂದು ಹಳೆಯ ದಾರಿ ಬೌಧಾಯನ ಶುಲ್ಬಸೂತ್ರದಲ್ಲಿದೆ. ಅಲ್ಲಿ ಕತ್ತರಿ ಇಲ್ಲ, ಹಗ್ಗ ಮತ್ತು ಗೂಟ. ಯಜ್ಞವೇದಿಯ ವಿಸ್ತೀರ್ಣ ಉಳಿಸಿಕೊಂಡು ಆಕಾರ ಬದಲಿಸಬೇಕಾಗಿದ್ದರಿಂದ ಅವರಿಗೂ ಈ ಪ್ರಶ್ನೆ ಬಂದಿತ್ತು. 16, 9ರ ಆಯದಲ್ಲಿ ಅಗಲಕ್ಕೆ ಸಮನಾದ 9ರ ಚೌಕವನ್ನು ಬಿಟ್ಟು, ಉಳಿದ 7ನ್ನು ಮೂರೂವರೆಯ ಎರಡು ಪಟ್ಟಿ ಮಾಡಿ, ಒಂದನ್ನು ತಂದು ಚೌಕದ ಇನ್ನೊಂದು ಬದಿಗೆ ಸೇರಿಸುತ್ತಾರೆ. ಆಗ ಹನ್ನೆರಡೂವರೆಯ ದೊಡ್ಡ ಚೌಕ ಬರುತ್ತದೆ, ಮೂಲೆಯಲ್ಲಿ ಮಾತ್ರ ಮೂರೂವರೆಯ ಪುಟ್ಟ ಚೌಕ ಕೊರತೆ. ಹನ್ನೆರಡೂವರೆ ಉದ್ದದ ಹಗ್ಗವನ್ನು ಒಂದು ಮೂಲೆಯಿಂದ ಓರೆಯಾಗಿ ಎಳೆದು, ಮೂರೂವರೆಯ ಅಂತರದಲ್ಲಿರುವ ಎದುರು ಗೆರೆಯನ್ನು ಮುಟ್ಟಿಸಿದರೆ, ಆ ಗೆರೆಯ ಮೇಲೆ ಸಿಗುವ ಉದ್ದ 12. ಪರೀಕ್ಷಿಸಿ ನೋಡಿ, 156.25ರಲ್ಲಿ 12.25 ಕಳೆದರೆ 144. ಎಂಟನೆಯ ತರಗತಿಯ ಮಗುವಿಗೂ ಇದು ತಿಳಿಯುತ್ತದೆ.

ಘನಾಕೃತಿಗಳಲ್ಲೂ ಹೀಗೆಯೇ ಆಗುತ್ತದೆಯೇ ಎಂದು ಆ ಹುಡುಗ ಮುಂದೆ ಕೇಳಿಯೇ ಕೇಳುತ್ತಾನೆ. ಆಗುವುದಿಲ್ಲ. ಸಮ ಘನಫಲದ ಎರಡು ಚತುರ್ಮುಖಿಗಳನ್ನು ಹೀಗೆ ಕತ್ತರಿಸಿ ಬದಲಿಸಬಹುದೇ ಎಂಬುದು ಹಿಲ್ಬರ್ಟ್ 1900ರಲ್ಲಿ ಮುಂದಿಟ್ಟ ಪ್ರಸಿದ್ಧ ಪ್ರಶ್ನೆಗಳಲ್ಲಿ ಮೂರನೆಯದು. ಅವರ ಶಿಷ್ಯ ಮ್ಯಾಕ್ಸ್ ಡೇನ್ ಬಹುಬೇಗ ಇಲ್ಲ ಎಂಬ ಉತ್ತರ ಕೊಟ್ಟರು. ಸಮಚತುರ್ಮುಖಿಯನ್ನು ಎಷ್ಟೇ ತುಂಡು ಮಾಡಿದರೂ ಅದರಿಂದ ಘನ ಕಟ್ಟಲು ಬರುವುದಿಲ್ಲ, ಏಕೆಂದರೆ ಅದರ ಮುಖಗಳ ನಡುವಿನ ಕೋನ ಸುಮಾರು 70.53 ಡಿಗ್ರಿ, ಅದು ಘನದ 90 ಡಿಗ್ರಿಯ ಜೊತೆ ಯಾವ ಭಿನ್ನರಾಶಿಯಲ್ಲೂ ಹೊಂದಿಕೊಳ್ಳುವುದಿಲ್ಲ.

ಗಣಿತ ಶಿಕ್ಷಕಿ, ಚಿಂತಾಮಣಿ

ಎಲ್ಲರಿಗೂ ಧನ್ಯವಾದಗಳು. ಕೈವಾರದಿಂದಲೇ ಪ ಬಿಂದುವನ್ನು ಗುರುತಿಸಿ ಹೊಸ ರಟ್ಟಿನಲ್ಲಿ ಕತ್ತರಿಸಿದೆ. ಚೌಕಟ್ಟಿನೊಳಗೆ ಸದ್ದಿಲ್ಲದೆ ಕೂತಿತು, ತೊಂಬತ್ತು ಡಿಗ್ರಿ ತಿರುಗಿಸಿ ಇಟ್ಟರೂ ಕೂತಿತು. ಸಹೋದ್ಯೋಗಿಗೆ ಹಳೆಯ ತುಂಡುಗಳನ್ನೂ ಹೊಸ ತುಂಡುಗಳನ್ನೂ ಒಟ್ಟಿಗೆ ಕೊಟ್ಟೆ. ಅವರು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, ಈ 1.8 ಮಿಲಿಮೀಟರಿಗಾಗಿ ಮೂರು ರಟ್ಟು ಹಾಳಾಯಿತೇ ಎಂದರು. ಹಳೆಯ ತುಂಡುಗಳನ್ನು ಎಸೆಯುವುದಿಲ್ಲ. ಎರಡು ಜೊತೆಗಳಲ್ಲಿ ಚೌಕ ಯಾವುದು, ಆಯ ಯಾವುದು ಎಂದು ಮಕ್ಕಳೇ ಕಂಡುಹಿಡಿಯಲಿ ಎಂದು ಮೇಜಿನ ಮೇಲೆ ಇಡುತ್ತೇನೆ. ಅಂಗಳದಲ್ಲಿ ಚುಕ್ಕಿ ಇಡುವ ಕೆಲಸವನ್ನು ಎಂಟನೆಯ ತರಗತಿಯವರು ವಹಿಸಿಕೊಂಡಿದ್ದಾರೆ.

ಭೂಮಾಪಕ ಸರ್, ಆ ಹುಡುಗ ಮನೆಯಿಂದ ಹೊಲದ ನಕ್ಷೆಯನ್ನು ನಕಲು ಮಾಡಿಕೊಂಡು ಬಂದಿದ್ದ. ಐದು ಮೂಲೆ, ನೇರ ಬದುಗಳು, 23 ಗುಂಟೆ. ಚೌಕದ ಬಾಹು 158 ಅಡಿ 3 ಅಂಗುಲ ಬರುತ್ತದೆಂದು ಅವನೇ ಲೆಕ್ಕ ಹಾಕಿದ. ಮೂರು ತ್ರಿಭುಜ ಮಾಡಿ, ಮೂರನ್ನೂ ಆಯ ಮಾಡಿ, ಎರಡು ಆಯಗಳನ್ನು ಜಾರುಗೆರೆಯಿಂದ ಆ ಉದ್ದಕ್ಕೆ ತಂದಿದ್ದೇವೆ. ಮೂರನೆಯದು ದಾರಿಯ ಪಕ್ಕದ ಉದ್ದನೆಯ ಪಟ್ಟಿ, 340 ಅಡಿಗೂ ಹೆಚ್ಚು. ಅದರಲ್ಲಿ ಜಾರಿಸಿದ ಮೇಲೆ ಹೊರಗುಳಿಯುವ ಚೂರು ಮೇಲಿನ ಮೂಲೆಯಲ್ಲಿ ಹಿಡಿಸುವುದೇ ಇಲ್ಲ. ಎಲ್ಲಿ ತಪ್ಪಿದ್ದೇವೆ?

ನಿವೃತ್ತ ಭೂಮಾಪಕ, ಮುಳಬಾಗಿಲು

ತಪ್ಪಿಲ್ಲ. ಇರುವ ಉದ್ದವು ಬೇಕಾದ ಉದ್ದದ ಎರಡರಷ್ಟನ್ನು ಮೀರಿದರೆ ಜಾರುಗೆರೆ ಒಂದೇ ಸಲಕ್ಕೆ ಕೆಲಸ ಮಾಡುವುದಿಲ್ಲ, ನಾನು ಅದನ್ನು ಮೊದಲೇ ಹೇಳಬೇಕಿತ್ತು. 158ರ ಎರಡರಷ್ಟು 316, ನಿಮ್ಮದು 340. ಮೊದಲು ಪಟ್ಟಿಯನ್ನು ಅಡ್ಡಕ್ಕೆ ಸರಿಯಾಗಿ ಅರ್ಧ ಮಾಡಿ, ಒಂದರ ಮೇಲೊಂದು ಇಟ್ಟು 170 ಅಡಿಯ ಆಯ ಮಾಡಿಕೊಳ್ಳಿ. ಅಲ್ಲಿಂದ 158ಕ್ಕೆ ಜಾರಿಸುವುದು ಸುಲಭ. ತುಂಡುಗಳ ಸಂಖ್ಯೆ ಹೆಚ್ಚುತ್ತದೆ, ಹೆಚ್ಚಲಿ. ಪ್ರತಿ ತುಂಡಿನ ಹಿಂದೆ ಅದು ಯಾವ ತ್ರಿಭುಜದಿಂದ ಬಂತೆಂದು ಪೆನ್ಸಿಲಿನಲ್ಲಿ ಬರೆಯಲು ಹುಡುಗನಿಗೆ ಹೇಳಿ. ಇಲ್ಲದಿದ್ದರೆ ಚೌಕದಿಂದ ಹೊಲಕ್ಕೆ ವಾಪಸು ಬರುವುದಕ್ಕೆ ಇಡೀ ಒಂದು ಭಾನುವಾರ ಬೇಕಾಗುತ್ತದೆ.